ಮಾರುಕಟ್ಟೆಯಿಂದ ನೀರಿನವರೆಗೆ

"ಎಲ್ಲೋ ನಿನ್ನ ಜನ? ಒಬ್ಬನಾದ್ರೂ ಬಂದಿದ್ದಾನಾ? ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಹೊರಟಿದೀಯಾ?"

ಮಾರುಕಟ್ಟೆಯ ಸಭಾಂಗಣದಲ್ಲಿ ಸಭೆ ನಡೆಯುತ್ತಿರುವಾಗಲೇ ಊರ ಸಮಿತಿಯ ಅಧ್ಯಕ್ಷೆ ಹೀಗೆ ಹರಿಹಾಯ್ದಳು. ಎದುರಿಗೆ ನಿಂತಿದ್ದವನು ಅವಳ ಒಡಹುಟ್ಟಿದ ತಮ್ಮ; ಕಸುಬಿನಲ್ಲಿ ಬಡಗಿ, ಬಿಡುವಿನಲ್ಲಿ ವಿಂಡ್‌ಸರ್ಫಿಂಗ್ ಗುಂಪಿನ ಮುಂದಾಳು. ಅವನ ಹಿಂದೆ ಸಾಲಾಗಿ ಹಾಕಿದ್ದ ಕುರ್ಚಿಗಳೆಲ್ಲ ಖಾಲಿ.

"ಗಾಳಿ ಬಂತಲ್ಲಕ್ಕಾ," ಎಂದ ತಮ್ಮ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ. "ಎಷ್ಟೋ ದಿನದಿಂದ ಒಂದೆಲೆ ಅಲ್ಲಾಡಿರ್ಲಿಲ್ಲ. ಗಾಳಿ ಎದ್ರೆ ಅವರು ಸ್ವಂತ ಮದುವೆಗೂ ನಿಲ್ಲಲ್ಲ. ಎಲ್ಲ ನೀರಲ್ಲಿದಾರೆ."

ಹಿನ್ನೀರಿನ ದಡದ ಮೈದಾನಕ್ಕೆ ಬೇಲಿ ಹಾಕಬೇಕೋ ಬೇಡವೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ವಿಂಡ್‌ಸರ್ಫಿಂಗಿನವರು ಕಾರು ನಿಲ್ಲಿಸುವುದು, ನೀರಿನ ಮೇಲೆ ಜಾರುವ ಹಲಗೆಗೆ ಹಾಯಿ ಕಟ್ಟುವುದು ಅಲ್ಲೇ. ರಜೆ ಬಂತೆಂದರೆ ಮನೆಯ ಗೇಟು ತೆಗೆಯಲಿಕ್ಕೂ ಆಗುವುದಿಲ್ಲ ಎಂದು ಅಕ್ಕಪಕ್ಕದ ಮನೆಯವರು ದೂರು ಕೊಟ್ಟಿದ್ದರು. ಅದೂ ಸುಳ್ಳಲ್ಲ. ಮೂವರ ಸಮಿತಿಯಲ್ಲಿ ನಿವೃತ್ತ ಎಂಜಿನಿಯರು ಬೇಲಿ ಬೇಕೆಂದಿದ್ದರು, ಔಷಧಿ ಅಂಗಡಿಯಾಕೆ ಬೇಡವೆಂದಿದ್ದಳು. ಉಳಿದದ್ದು ಅಕ್ಕನ ಮಾತು.

ಆಟ ಬೇಡವೆಂದು ಯಾರೂ ಹೇಳುತ್ತಿಲ್ಲ, ಕಾರುಗಳನ್ನು ಇಲ್ಲೇ ಮಾರುಕಟ್ಟೆಯ ಹಿಂದೆ ನಿಲ್ಲಿಸಿ ನಡೆದು ಹೋಗಲಿ, ನಡೆದರೆ ಮೈಗೂ ಒಳ್ಳೆಯದು ಎಂದರು ಎಂಜಿನಿಯರು. ಮೈದಾನ ಬಿಟ್ಟರೆ ದಡದಲ್ಲಿ ಬರೀ ಬಂಡೆ, ಹಾಯಿ ಹರಡಲು ಗೇಣು ಜಾಗವಿಲ್ಲ, ಇಲ್ಲೇ ಕಟ್ಟಿ ಅಷ್ಟು ದೂರ ಹೊರಬೇಕಾಗುತ್ತದೆ ಎಂದ ತಮ್ಮ. ತೋರಿಸಲೆಂದು ಕಟ್ಟಿದ ಹಾಯಿಯೊಂದನ್ನು ಹೊರಗೆ ಗೋಡೆಗೆ ಒರಗಿಸಿಟ್ಟಿದ್ದ.

"ನೀವೇ ಒಂದ್ಸಲ ಹೊತ್ತು ನೋಡಿ ಸಾರ್."

ಎಂಜಿನಿಯರು ಮೊಣಕಾಲು ಸವರಿಕೊಂಡರು. ಔಷಧಿ ಅಂಗಡಿಯಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಅವರನ್ಯಾಕೆ ಕೇಳ್ತೀಯಾ? ನಾನು ಹೊರ್ತೀನಿ. ನಿನ್ನನ್ನೇ ಸೊಂಟದ ಮೇಲೆ ಹೊತ್ತು ಸಾಕಿದೀನಿ, ಈ ಬಟ್ಟೆ ಯಾವ ಲೆಕ್ಕ? ನೀರಿನ ತನಕ ಹೊತ್ಕೊಂಡು ಹೋದ್ನೋ, ಬೇಲಿ ಹಾಕಿಸ್ತೀನಿ; ಆಗ್ಲಿಲ್ವೋ, ಬೇಲಿ ಇಲ್ಲ. ಹಾಕಿಸಿದ್ಮೇಲೆ ನೀನು ತುಟಿ ಪಿಟಕ್ ಅನ್ನೋ ಹಾಗಿಲ್ಲ."

"ಆಯ್ತು. ಹಾಯಿ ಕಂಬ ಗಾಳಿಗೆ ಎದುರಾಗಿರ್ಲಿ ಅಕ್ಕ, ಇಲ್ದಿದ್ರೆ..."

"ನನಗೆ ಪಾಠ ಹೇಳ್ಬೇಡ."

ಸೆರಗು ಸೊಂಟಕ್ಕೆ ಬಿಗಿದು ಅವಳು ಹೊರನಡೆದಳು. ಮೂವರೂ ಕಿಟಕಿಗೆ ಬಂದು ನಿಂತರು. ಹತ್ತು ಹೆಜ್ಜೆ ನೆಟ್ಟಗೇ ಹೋದಳು. ಎಂಜಿನಿಯರ ಮುಖ ಅರಳಿತು. ಕಟ್ಟಡದ ಮರೆ ದಾಟಿದ್ದೇ ತಡ, ಹಾಯಿ ಅವಳನ್ನು ಗರಗರನೆ ಒಂದು ಸುತ್ತು ತಿರುಗಿಸಿ ಬೇಕರಿಯ ಬಾಗಿಲಿಗೆ ತಂದು ನಿಲ್ಲಿಸಿತು. ಬೈದುಕೊಂಡು ಮತ್ತೆ ಹೊರಟಳು. ಈ ಸಲ ಅದು ಬಂದ ದಾರಿಗೇ ಎಳೆದು ತಂದಿತು. ತಮ್ಮ ಓಡಿಹೋಗಿ ಹಿಡಿಯಲಿಲ್ಲ. ಅಕ್ಕನ ಕೈಯಿಂದ ಏನನ್ನಾದರೂ ಕಸಿದುಕೊಂಡವರ ಗತಿ ಅವನಿಗೆ ಗೊತ್ತಿತ್ತು.

ರಸ್ತೆಯ ಮೂಲೆಯಲ್ಲಿ ಅವಳು ನಿಂತಳು. ಕೆದರಿದ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡು ಹಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಆ ಹೊತ್ತಿಗೆ ತರಕಾರಿಯವನ ಖಾಲಿ ಪಿಕಪ್ ಗಾಡಿ ಬಂತು. ನಡುರಸ್ತೆಗೆ ಹೋಗಿ ಅದನ್ನು ಅಡ್ಡಗಟ್ಟಿದಳು. ಕೈ ಬೀಸಿ ಬೀಸಿ ಅವನಿಗೆ ಏನೋ ಹೇಳಿದಳು, ಇಬ್ಬರೂ ಸೇರಿ ಹಾಯಿಯನ್ನು ಹಿಂದಕ್ಕೆ ಹೇರಿದರು, ಅವಳು ಮುಂದೆ ಹತ್ತಿ ಕೂತು ಬಾಗಿಲು ಧಡಾರನೆ ಎಳೆದುಕೊಂಡಳು.

ಹಾಯಿ ನೀರಿಗೆ ಮುಟ್ಟಲು ಅಧ್ಯಕ್ಷೆಗೂ ಗಾಡಿಯೇ ಬೇಕಾಯಿತೆಂದು ಕಂಡ ಎಂಜಿನಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಬಂದ ಚಹಾ ಕೆನೆಗಟ್ಟಿತು. ಸಭಾಂಗಣಕ್ಕೆ ಬೀಗ ಹಾಕುವವರೆಗೂ ಅಧ್ಯಕ್ಷೆ ವಾಪಸು ಬರಲಿಲ್ಲ. ಕಿಟಕಿಯಲ್ಲಿದ್ದವರು ಕೊನೆಗೆ ಕಂಡದ್ದು ಇಷ್ಟೇ: ಹಿಂದೆ ಅರ್ಧ ಹೊರಗೆ ಚಾಚಿಕೊಂಡು ಪಟಪಟ ಬಡಿದುಕೊಳ್ಳುತ್ತಿದ್ದ ಹಾಯಿ, ಮತ್ತು ಮೈದಾನದ ಕಡೆಗೆ ನಿಧಾನವಾಗಿ ತಿರುಗುತ್ತಿದ್ದ ಪಿಕಪ್ಪು.