ಆಕಾಶಕ್ಕೆ ಬೆನ್ನು ಮಾಡಿದ ವಿಜಯೀಂದ್ರ

ಬಾಗಲಕೋಟೆಯ ನವನಗರದಲ್ಲಿ, ನಮ್ಮ ಓಣಿಯ ತುದಿಯ ಮನೆಯಲ್ಲಿರುವ ವಿಜಯೀಂದ್ರನಷ್ಟು ಆಕಾಶಕ್ಕೆ ಬೆನ್ನು ಮಾಡಿ ಬದುಕಿದ ಮನುಷ್ಯನನ್ನು ನಾನು ಕಂಡಿಲ್ಲ. ಹುಣ್ಣಿಮೆಯ ಗ್ರಹಣ ನೋಡಲು ಓಣಿಯ ಮಂದಿಯೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಮಾಳಿಗೆ ಹತ್ತಿದ್ದರೆ, ಈ ಮಹಾಶಯ ಒಳಗೆ ದೀಪದ ಕೆಳಗೆ ಕೂತು ಹೆಂಡತಿ ಗೌತಮಿಗೆ ಹಸಿಕಡಲೆ ಸುಲಿದುಕೊಡುತ್ತಿದ್ದ. ಎಷ್ಟೋ ಜನ ಹಾಗಿರುತ್ತಾರೆ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷವೆಂದರೆ, ಭೂಮಿಯನ್ನು ಸುತ್ತುತ್ತಿರುವ ಒಂದು ದೂರದರ್ಶಕ ನಾಳೆ ಯಾವ ನಕ್ಷತ್ರದತ್ತ ಮುಖ ಮಾಡಬೇಕು, ಯಾವುದರಿಂದ ಮುಖ ತಿರುಗಿಸಬೇಕು ಎಂಬುದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಬೆರಳೆಣಿಕೆಯ ಜನರಲ್ಲಿ ಇವನೊಬ್ಬ. ನಾವಿಬ್ಬರೂ ಒಂದೇ ಕಾಲೇಜಿನ ಮಾಸ್ತರರು. ಅವನು ಭೌತಶಾಸ್ತ್ರ, ನಾನು ಕನ್ನಡ. ಕಾಲೇಜಿನ ಪಾಠ ಮುಗಿಸಿ ಮನೆಗೆ ಬಂದ ಮೇಲೆ ಅವನ ಎರಡನೆಯ ಉದ್ಯೋಗ ಶುರುವಾಗುತ್ತದೆ, ಅದು ಹೆದರುವ ಉದ್ಯೋಗ.

ಒಣಕಲು ದೇಹ, ಮೊಳಕಾಲಿನವರೆಗೆ ಇಳಿಬಿದ್ದ ಬಿಳಿಯ ಅಂಗಿ, ಬೇಸಿಗೆ ಮಳೆ ಚಳಿ ಯಾವುದನ್ನೂ ಲೆಕ್ಕಿಸದೆ ಸದಾ ಬಿಚ್ಚಿಯೇ ಇರುವ ಕರಿಯ ಕೊಡೆ. ನಡೆಯುವಾಗ ದೃಷ್ಟಿ ತನ್ನ ಚಪ್ಪಲಿಯ ಮುಂದಿನ ನೆಲವನ್ನು ಬಿಟ್ಟು ಅಲುಗುವುದಿಲ್ಲ. ಬಸ್ಸು ಹತ್ತಿದರೆ, ಅದು ಯಾವ ದಿಕ್ಕಿಗೆ ಹೊರಡುತ್ತದೆ, ಎಲ್ಲೆಲ್ಲಿ ಹೊರಳುತ್ತದೆ, ಬಿಸಿಲು ಯಾವ ಕಿಟಕಿಯಿಂದ ಬೀಳುತ್ತದೆ ಎಂದೆಲ್ಲ ನಿಂತಲ್ಲೇ ಗುಣಿಸಿ, ಸೂರ್ಯ ಮುಖಕ್ಕೆ ತಾಗದ ಸೀಟನ್ನೇ ಹುಡುಕುತ್ತಾನೆ. ಅಷ್ಟರಲ್ಲಿ ಆ ಸೀಟಿನಲ್ಲಿ ಬೇರೆ ಯಾರೋ ಕೂತು ನಿದ್ದೆಯನ್ನೂ ಮಾಡುತ್ತಿರುತ್ತಾರೆ. "ನಿನಗೂ ನಿನ್ನ ದುರ್ಬೀನಿಗೂ ಒಂದ ಜಡ್ಡು ನೋಡಲೇ," ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವನು ನಗುತ್ತಿರಲಿಲ್ಲ. ಆಕಾಶವನ್ನೇಕೆ ನೋಡುವುದಿಲ್ಲವೆಂದು ಕೇಳಿದರೆ, ಕಣ್ಣಿಗೆ ಕಂಡ ಕೂಡಲೇ ಮನಸ್ಸು ಲೆಕ್ಕ ಮಾಡುವುದನ್ನು ಬಿಟ್ಟುಬಿಡುತ್ತದೆ ಎನ್ನುತ್ತಿದ್ದ.

ಅವನ ಮಾತಿಗೊಂದು ಬಾಲವಿದೆ. "ಬಾಗಲಾ ಹಾಕೀನಿ, ಹಂಗಂತ ತಿಳಕೊಂಡೀನಿ." "ಗೌತಮಿ ತವರಿಗೆ ಹೋಗ್ಯಾಳ, ಹಂಗಂತ ತಿಳಕೊಂಡೀನಿ." ಒಮ್ಮೆ ಪ್ರಾಂಶುಪಾಲರು ಹೆಸರೇನೆಂದು ಕೇಳಿದಾಗಲೂ ಇದೇ ಬಾಲ ತುಟಿಯವರೆಗೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿ ಕೇಳಿ ನಮಗೆಲ್ಲ ಸಾಕಾಗಿಹೋಗಿತ್ತು.

ಹೆದರಿಕೆಯ ಮೂಲ ಹಳೆಯ ಬಾಗಲಕೋಟೆಯಲ್ಲಿದೆ. ಅಣೆಕಟ್ಟಿನ ಹಿನ್ನೀರು ಊರೊಳಗೆ ಬರುವ ಸಂಗತಿ ಅವನು ಹುಟ್ಟುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಎಲ್ಲಿಯವರೆಗೆ ಬರುತ್ತದೆಂದು ಅಧಿಕಾರಿಗಳು ಅಳೆದು ಹೇಳಿದ್ದರು, ಮಂದಿ ಅದನ್ನು ಕೇಳಿಕೇಳಿ ಬೇಸತ್ತು ಮರೆತೂ ಬಿಟ್ಟಿದ್ದರು. ಕೊನೆಯ ವರ್ಷ ಇವನ ತಂದೆ ಸತ್ಯಬೋಧಾಚಾರ್ಯರು ಹೊಳೆಯ ಕಡೆಯ ಜಗುಲಿಯ ಮೇಲೆ ಖುರ್ಚಿ ಹಾಕಿಕೊಂಡು ನೀರು ಕಾಯುತ್ತ ಕೂತಿದ್ದರಂತೆ. ನೀರು ಆ ಕಡೆಯಿಂದ ಬರಲಿಲ್ಲ. ಹಿತ್ತಲ ಮೋರಿಯಿಂದ, ಒಂದಿಷ್ಟೂ ಸದ್ದಿಲ್ಲದೆ, ಅಡುಗೆಮನೆಗೆ ಬಂತು. ದೇವರ ಪೆಟ್ಟಿಗೆ ತೋಯ್ದಿದ್ದನ್ನು ಮೊದಲು ಕಂಡವನು ವಿಜಯೀಂದ್ರ. "ಎಲ್ಲಾರಿಗೂ ಗೊತ್ತಿದ್ದದ್ದನ್ನ ಯಾರೂ ಕಾಯೋದಿಲ್ಲ ದತ್ತು," ಎಂದು ಅವನು ನನಗೆ ಹೇಳಿದ್ದು ಒಂದೇ ಸಲ.

ಈಗ ಅವನು ಕಾಯುವುದು ಆ ದೂರದರ್ಶಕವನ್ನು. ನೂರಾರು ಮೈಲಿ ಮೇಲೆ, ಸುಮಾರು ಒಂದೂವರೆ ತಾಸಿಗೊಮ್ಮೆ ನಮ್ಮನ್ನೆಲ್ಲ ಪ್ರದಕ್ಷಿಣೆ ಹಾಕುತ್ತ, ವಾಯುಮಂಡಲ ನಮ್ಮವರೆಗೆ ಬಿಟ್ಟುಕೊಡದ ನೇರಳಾತೀತ ಬೆಳಕಿನಲ್ಲಿ ಅದು ನಕ್ಷತ್ರಗಳನ್ನು ನೋಡುತ್ತದೆ. ಬೆಳಕಿನ ಒಂದೊಂದು ಕಣವನ್ನೂ ಹೆಕ್ಕಿ ಎಣಿಸುವಷ್ಟು ನವಿರಾದ ಕಣ್ಣು ಅದಕ್ಕಿದೆ. ನವಿರಾದುದರಿಂದಲೇ ಪ್ರಖರವಾದುದೇನಾದರೂ ಎದುರು ಬಂದರೆ ಆ ಕಣ್ಣು ಸುಟ್ಟುಹೋಗುತ್ತದೆ. ಯಾವ ನಕ್ಷತ್ರ ಬೇಕೆಂದು ದೇಶದ ವಿಜ್ಞಾನಿಗಳು ಕೇಳುತ್ತಾರೆ. ಅದರ ಅಕ್ಕಪಕ್ಕ ಸೂರ್ಯ ಬಂದಾನೆಯೇ, ಚಂದ್ರ ಇದ್ದಾನೆಯೇ, ಬೇರೆ ಯಾವ ಗ್ರಹವೋ ಉರಿಯುವ ತಾರೆಯೋ ಇಣುಕುತ್ತಿದೆಯೇ, ಭೂಮಿ ಅಡ್ಡ ಬರುವ ಹೊತ್ತಿಗೆ ಕಣ್ಣು ಮುಚ್ಚುವ ಆದೇಶವಿದೆಯೇ ಎಂದು ವಿಜಯೀಂದ್ರನಂಥವರು ಹುಡುಕುತ್ತಾರೆ. ಇವರು ಸಹಿ ಹಾಕಿದ ಮೇಲೆ, ಉಪಗ್ರಹ ನಿಯಂತ್ರಣ ಕೇಂದ್ರದ ಮೇಲೆ ಹಾಯುವ ಕೆಲವೇ ನಿಮಿಷಗಳಲ್ಲಿ ಆದೇಶಗಳು ಮೇಲೇರುತ್ತವೆ. "ಒಮ್ಮೆ ಕಣ್ಣು ಹೋದರ ಹೋತು," ಎನ್ನುತ್ತಾನೆ. "ಅಲ್ಲಿಗೆ ರಿಪೇರಿಗೆ ಯಾರು ಹೋಗಬೇಕು, ನಿಮ್ಮ ಕನ್ನಡ ವಿಭಾಗದವರೇನು?"

ಈ ಭಯಕ್ಕೆ ಬಲಿಯಾದವಳು ಪದ್ಮಶ್ರೀ. ಇಳಕಲ್ಲಿನ ಬಟ್ಟೆಯಂಗಡಿಯ ಕಾಶಪ್ಪನವರ ಮಗಳು, ಇವನ ಹಳೆಯ ವಿದ್ಯಾರ್ಥಿನಿ, ಈಗ ಸಂಶೋಧಕಿ. ತನ್ನ ಜೊತೆಗಾರ ತಾರೆಯನ್ನು ತುಸುತುಸುವೇ ನುಂಗುತ್ತಿರುವ ಒಂದು ನಕ್ಷತ್ರ ಮಿಥುನ ರಾಶಿಯಲ್ಲಿದೆಯಂತೆ, ಅವಳ ಪ್ರಬಂಧವೆಲ್ಲ ಅದರ ಮೇಲೆ ನಿಂತಿದೆ. ಹಿಂದೊಮ್ಮೆ ಅವಳ ಸರದಿ ಬಂದಾಗ, ಪಕ್ಕದ ಒಂದು ತಾರೆಯ ಪ್ರಖರತೆಯನ್ನು ಯಾರೂ ಸರಿಯಾಗಿ ಅಳೆದಿಲ್ಲವೆಂಬ ಶಂಕೆಯ ಮೇಲೆ ವಿಜಯೀಂದ್ರ ಅದನ್ನು ನಿಲ್ಲಿಸಿಬಿಟ್ಟ. ಆಮೇಲೆ ನೋಡಿದರೆ ಆ ತಾರೆ ನಿರುಪದ್ರವಿ. ಹುಡುಗಿ ನಮ್ಮ ಸ್ಟಾಫ್ ರೂಮಿಗೆ ಬಂದು, ಎಲ್ಲರ ಎದುರಿಗೆ, "ಸರ್, ನಿಮ್ಮ ಹೆದರಿಕಿ ಒಳಗ ನನ್ನ ಒಂದು ವರ್ಷ ಹೋತ್ರಿ," ಎಂದು ಅತ್ತುಬಿಟ್ಟಳು. ಅವನು ಕೊಡೆಯ ಹಿಡಿಯನ್ನು ತಿರುವುತ್ತ ನಿಂತಿದ್ದ. ನನಗೂ ಅವನ ಮೇಲೆ ಭಾರಿ ಸಿಟ್ಟು ಬಂದಿತ್ತು.

ಮರುವರ್ಷ ಅವಳಿಗೆ ಅಕ್ಟೋಬರದಲ್ಲಿ ಮತ್ತೆ ಸಮಯ ಸಿಕ್ಕಿತು. ಎಲ್ಲ ಪರಿಶೀಲನೆಯೂ ಮುಗಿದ ಮೇಲೆ, ಎಲ್ಲಿಯೋ ಒಂದು ತಾರೆ ಹಠಾತ್ತನೆ ಸ್ಫೋಟಿಸಿ, ದೂರದರ್ಶಕವನ್ನು ಅತ್ತ ತಿರುಗಿಸಬೇಕಾಯಿತು. ಪದ್ಮಶ್ರೀಯ ನಕ್ಷತ್ರ ಜನವರಿಗೆ ಹೋಯಿತು. ಹೊಸ ತಾರೀಖಿಗೆ ಸೂರ್ಯಚಂದ್ರರನ್ನು ಮತ್ತೆ ನೋಡಿದರು. ಉಳಿದ ಪರಿಶೀಲನೆಯೆಲ್ಲ ಅಕ್ಟೋಬರದ್ದೇ ಇತ್ತು. ಬೇರೆ ಸಮಯದಲ್ಲಾಗಿದ್ದರೆ ವಿಜಯೀಂದ್ರ ಬುಡದಿಂದ ಎಲ್ಲವನ್ನೂ ಇನ್ನೊಮ್ಮೆ ಕೆದಕುತ್ತಿದ್ದ. ಆದರೆ ಈ ಸಲ ಆ ಹುಡುಗಿಯನ್ನು ಇನ್ನೊಮ್ಮೆ ಅಳಿಸಬಾರದೆಂದು ತನ್ನ ಸ್ವಭಾವದ ಕೊರಳನ್ನು ತಾನೇ ಹಿಸುಕಿ, ಹುನಗುಂದಕ್ಕೆ ಹೊರಟ ಮಧ್ಯಾಹ್ನ, ಚಹಾ ಕುಡಿಯುತ್ತ, ಸಹಿ ಹಾಕಿದ. ಗೌತಮಿಗೂ ನನಗೂ ಪರಮಾನಂದವಾಯಿತು.

ಹುನಗುಂದದ ಒಂದು ಶಾಲೆಯಲ್ಲಿ ಅವನ ಭಾಷಣವಿತ್ತು, ನಾನೂ ಜೊತೆಗೆ ಹೋಗಿದ್ದೆ. ಇಳಕಲ್ಲಿನಿಂದ ಪದ್ಮಶ್ರೀಯೂ ಬಂದು ಕೇಳಿದಳು, ಮುಗಿದ ಮೇಲೆ ನಮ್ಮ ಜೊತೆ ಬಾಗಲಕೋಟೆಯ ಬಸ್ಸನ್ನೇ ಹತ್ತಿದಳು. ನಾಳೆ ನಸುಕಿನಲ್ಲಿ ಅವಳ ನಕ್ಷತ್ರದ ಸರದಿ, ಮೊದಲ ಸುದ್ದಿಯನ್ನು ಸರ್ ಜೊತೆಗೇ ಕೇಳಬೇಕೆಂಬ ಆಸೆ. ಅಮೀನಗಡದಲ್ಲಿ ಬಸ್ಸು ನಿಂತಾಗ, "ಕರದಂಟ ಕೊಡಸ್ತೀನಿ, ಇಳೀರಿ ಸರ್," ಎಂದು ನಮ್ಮಿಬ್ಬರನ್ನೂ ಇಳಿಸಿದಳು. ಕತ್ತಲು ಈಗಷ್ಟೇ ಕೂಡುತ್ತಿತ್ತು. ಮಿಠಾಯಿ ಅಂಗಡಿಯ ನೀಲಾಬಾಯಿ ಡಬ್ಬಿಗೆ ಕರದಂಟು ತುಂಬುತ್ತಿದ್ದಳು, ವಿಜಯೀಂದ್ರ ಬಿಸಿಲಿಲ್ಲದ ಹೊತ್ತಿನಲ್ಲೂ ಕೊಡೆ ಬಿಚ್ಚಿಕೊಂಡು ನೆಲ ನೋಡುತ್ತ ನಿಂತಿದ್ದ. ಮೂಡಣದಲ್ಲಿ ನಕ್ಷತ್ರದಂಥ ಒಂದು ದೊಡ್ಡ ಬೆಳಕು ಎದ್ದಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ಲೇ ವಿಜ್ಯಾ, ಒಮ್ಮೆರ ತಲಿ ಎತ್ತಲೇ. ಎಂಥಾ ಚಿಕ್ಕಿ ಎದ್ದದ ನೋಡು!"

"ಚಿಕ್ಕಿ ಅಲ್ರಿ ಸರ್, ಗುರು ಗ್ರಹ ಅದು," ಎಂದು ಪದ್ಮಶ್ರೀ ನಕ್ಕಳು. ನಕ್ಕವಳು ಆಕಾಶ ನೋಡಿ, ನಗುವನ್ನು ಅರ್ಧಕ್ಕೆ ಬಿಟ್ಟಳು. ಗುರುವಿನ ಹತ್ತಿರ ಎರಡು ನಕ್ಷತ್ರಗಳಿದ್ದವು, ಪುನರ್ವಸುವಿನ ಜೋಡಿ; ಅವಳ ನಕ್ಷತ್ರವಿದ್ದ ಮಿಥುನ ರಾಶಿಯ ಗುರುತೇ ಅದು.

ವಿಜಯೀಂದ್ರ ಕೊಡೆ ಇಳಿಸಿದ. ಅವನು ತಲೆಯೆತ್ತಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. 

"ಗುರು ದಾಟಿ ಮುಂದ ಹೋಗಿದ್ದ," ಎಂದ. "ಅಕ್ಟೋಬರದಾಗ ದಾಟಿ ಮುಂದ ಹೋಗ್ಯಾನ, ಇನ್ನ ಅವನ ಕಾಟ ಇಲ್ಲ... ಹಂಗಂತ ತಿಳಕೊಂಡೇವಿ."

ಗ್ರಹಗಳು ಕೆಲಕಾಲ ಹಿಂದಕ್ಕೆ ಸರಿಯುವಂತೆ ಕಾಣುತ್ತವೆ, ನಮ್ಮ ಮಂದಿ ಅದನ್ನು ವಕ್ರಗತಿ ಎನ್ನುತ್ತಾರೆ. ಮುಂದೆ ಹೋದ ಗುರು ವಕ್ರಗತಿಯಲ್ಲಿ ತಿರುಗಿ ಬಂದು, ಪದ್ಮಶ್ರೀಯ ನಕ್ಷತ್ರದ ಓಣಿಯಲ್ಲೇ ನಿಂತಿದ್ದ. ಇದು ಗೊತ್ತಿಲ್ಲದವರು ಆ ತಂಡದಲ್ಲಿ ಒಬ್ಬರೂ ಇರಲಿಲ್ಲ, ಆದ್ದರಿಂದಲೇ ಒಬ್ಬರೂ ನೋಡಿರಲಿಲ್ಲ.

ಅವನು ನಿಯಂತ್ರಣ ಕೇಂದ್ರಕ್ಕೆ ಫೋನು ಹಚ್ಚಿದ. ಆ ಸಂಜೆಯ ಪಾಳಿಯಲ್ಲಿದ್ದವನು ಸುನೀಲಕುಮಾರನೆಂಬ ದಕ್ಷಿಣದ ಕಡೆಯ ಹುಡುಗ. ಅವನ ಸ್ವರ ನನಗೂ ಕೇಳುತ್ತಿತ್ತು.

"ನಾಳಿನ ಮೊದಲನೇ ವೀಕ್ಷಣೆ ನಿಲ್ಲಸ್ರಿ. ಅಲ್ಲಿ ಗುರು ಅದ."

"ಮಧ್ಯಾಹ್ನ ನೀವೇ ಸಹಿ ಮಾಡಿದ್ದೀರಲ್ಲ ಸರ್. ಆದೇಶಗಳು ಆಗಲೇ ಮೇಲಕ್ಕೆ ಹೋಗಿವೆ. ಲೆಕ್ಕ ಹಾಕಿದ್ದೀರಾ?"

"ಇಲ್ಲ. ನೋಡೀನಿ."

"ನೋಡಿದ್ದೀರಾ? ಎಲ್ಲಿಂದ?"

"ಅಮೀನಗಡದ ಬಸ್‌ಸ್ಟ್ಯಾಂಡಿನಿಂದ."

ಹುಡುಗ ಮೆಲ್ಲಗೆ, "ಸರ್, ಹಿಂದಿನ ಸಲವೂ ನೀವು ನಿಲ್ಲಿಸಿದಿರಿ, ಏನೂ ಇರಲಿಲ್ಲ. ಲೆಕ್ಕವಿಲ್ಲದೆ ನಾನು ಹೇಗೆ ನಿಲ್ಲಿಸಲಿ? ಎಲ್ಲ ಸುತ್ತೂ ನಮಗೆ ಸಿಗುವುದಿಲ್ಲ, ಬೆಳಗಿನೊಳಗೆ ಉಪಗ್ರಹ ನಮ್ಮ ಮೇಲೆ ಹಾಯುವುದು ಇನ್ನೊಂದೇ ಸಲ, ಅದೂ ಈಗಲೇ," ಎಂದ.

ಪದ್ಮಶ್ರೀ ಅಂಗಡಿಯ ಬೆಂಚಿನ ಮೇಲೆ ಕೂತು, ಮೊಬೈಲಿನಲ್ಲಿ ಲೆಕ್ಕಕ್ಕೆ ಕೈಹಚ್ಚಿದ್ದಳು. ನಮ್ಮ ಬಸ್ಸಿನ ಕಂಡಕ್ಟರು ಕೂಗಿ ಕೂಗಿ ಸೋತು, ಬಸ್ಸು ಹೊರಟುಹೋಯಿತು. ನೀಲಾಬಾಯಿ ಗಾಬರಿಯಾಗಿ, "ಏನಾತ್ರಿ? ಯಾರಿಗಾರ ಆರಾಮಿಲ್ಲೇನ್ರಿ?" ಎಂದಳು. ಏನು ಹೇಳಬೇಕೋ ತಿಳಿಯದೆ ನಾನು, "ಒಬ್ಬರ ಕಣ್ಣು ಹೋಗೂ ಹಂಗದರಿ," ಎಂದುಬಿಟ್ಟೆ.

"ಅಯ್ಯ ಶಿವನ! ಯಾ ದವಾಖಾನ್ಯಾಗ ಅದಾರ?"

ನನಗೆ ನಗು ಬರಲಿಲ್ಲ.  ಒಂದು ಯಂತ್ರಕ್ಕಾಗಿ, ಜನ್ಮದಲ್ಲಿ ಕಾಣದ ಒಂದು ಯಂತ್ರಕ್ಕಾಗಿ, ನನ್ನ ಅಂಗೈ ಬೆವೆತಿತ್ತು. ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಲೆಕ್ಕ ಇನ್ನೂ ಆಗಿಲ್ಲವೆಂದು ಅವಳು ಸ್ವಲ್ಪ ತಡ ಮಾಡಿದರೆ ಸಾಕಿತ್ತು, ಉಪಗ್ರಹ ಹಾದುಹೋಗುತ್ತಿತ್ತು, ನಾಳೆ ಅವಳ ಸರದಿ ಅವಳಿಗೇ ಉಳಿಯುತ್ತಿತ್ತು. ಅಂಥ ಯೋಚನೆ ನನ್ನಂಥವನ ತಲೆಗೆ ಬಂತೇ ಹೊರತು ಅವಳ ತಲೆಗೆ ಬಂದಂತೆ ಕಾಣಲಿಲ್ಲ. ಎದ್ದು ಬಂದವಳೇ ಅವನ ಕೈಯಿಂದ ಫೋನು ತೆಗೆದುಕೊಂಡಳು.

"ನಾ ಪದ್ಮಶ್ರೀ ಮಾತಾಡಾಕತ್ತೀನ್ರಿ. ನಾಳಿಂದು ನಂದ ಸರದಿ. ಗುರು ಒಳಗ ಬರ್ತೈತ್ರಿ, ನಟ್ಟನಡುವ. ಲೆಕ್ಕ ಕಳಿಸೀನಿ. ನಿಲ್ಲಸ್ರಿ."

ಅಷ್ಟು ಹೇಳಿ ಫೋನು ಮರಳಿ ಕೊಟ್ಟು, ಬೆಂಚಿನ ಮೇಲೆ ಕೂತು ಅತ್ತಳು. ನೀಲಾಬಾಯಿ ಅವಳ ತಲೆಯನ್ನು ತನ್ನ ಮಗ್ಗುಲಿಗೆ ಒತ್ತಿಕೊಂಡಳು.

ಆಮೇಲಿನ ಹೊತ್ತನ್ನು ನಾನು ಮರೆಯುವುದಿಲ್ಲ. ಫೋನು ಸುಮ್ಮನಿತ್ತು. ಆದೇಶ ಹೋಯಿತೋ, ಉಪಗ್ರಹ ಅದನ್ನು ಕೇಳಿತೋ, ಕೇಳದೆಯೇ ಕ್ಷಿತಿಜದ ಕೆಳಗೆ ಇಳಿದುಹೋಯಿತೋ, ಯಾರಿಗೆ ಗೊತ್ತು? ನಾನು ಆಕಾಶ ನೋಡುತ್ತಿದ್ದೆ, ವಿಜಯೀಂದ್ರ ಮತ್ತೆ ನೆಲ ನೋಡುತ್ತಿದ್ದ. ಕೊನೆಗೆ ಫೋನು ರಿಂಗಣಿಸಿತು. ಅದನ್ನು ಎತ್ತಲು ಅವನಿಂದಾಗಲಿಲ್ಲ, ನಾನೇ ಎತ್ತಿದೆ.

"ಆದೇಶ ಮುಟ್ಟಿದೆ ಸರ್. ನಾಳೆ ಆ ಹೊತ್ತಿಗೆ ಕಣ್ಣು ಮುಚ್ಚಿಯೇ ಇರುತ್ತದೆ." ಸುನೀಲಕುಮಾರನ ಸ್ವರ ಅದು.

ಮುಂದಿನ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಪದ್ಮಶ್ರೀ ಕರದಂಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ನಿದ್ದೆಹೋದಳು. ನಾನು ವಿಜಯೀಂದ್ರನ ತೊಡೆ ತಟ್ಟಿ, "ಈಗರ ಸಮಾಧಾನ ಆತಿಲ್ಲೋ? ಉಳಿಸಿದಲ್ಲೋ ಮಾರಾಯಾ," ಎಂದೆ. ಅವನು ನನ್ನ ಕಡೆ ತಿರುಗಿ, "ಮಧ್ಯಾಹ್ನ ಸಹಿ ಹಾಕಿದೆ ನೋಡು, ಆವಾಗ ನನಗ ಒಂಚೂರೂ ಹೆದರಿಕಿ ಇರಲಿಲ್ಲ ದತ್ತು. ಭಾಳ ಹಗುರ ಅನಸಿತ್ತು. ಅದು ನೆನಪಾತಂದರ ಎದಿ ಝಲ್ ಅಂತದ," ಎಂದ. ಆ ಮಾತಿಗೆ ಅವನು ಬಾಲ ಹಚ್ಚಲಿಲ್ಲ.

ಆ ಋತುವಿನಲ್ಲಿ ಪದ್ಮಶ್ರೀಗೆ ಮತ್ತೆ ಸರದಿ ಸಿಗಲಿಲ್ಲ. ಅವಳು ಈಗಲೂ ಕಾಯುತ್ತಿದ್ದಾಳೆ, ಹೊಸ ಯೋಜನೆ ಬಂದಾಗಲೆಲ್ಲ ಅದನ್ನು ತಾನೇ ಮೊದಲು ಜಾಲಾಡಿ ಸರ್‌ಗೆ ಕೊಡುತ್ತಾಳೆ. ವಿಜಯೀಂದ್ರ ಮಾತ್ರ ಸಂಜೆಗೊಮ್ಮೆ ಮಾಳಿಗೆ ಹತ್ತಿ, ಬಾಗಿಲಿನ ಚಿಲಕ ಜಗ್ಗಿ ನೋಡುವವರಂತೆ ಆಕಾಶದ ಮೇಲೆ ಒಮ್ಮೆ ಕಣ್ಣಾಡಿಸಿ ಕೆಳಗಿಳಿಯುತ್ತಾನೆ. ನಾನು ಚೇಷ್ಟೆ ಮಾಡುವುದನ್ನು ಬಿಟ್ಟಿದ್ದೇನೆ.

ಪರರ ಪಾಲಿನ ಭಯವನ್ನೂ ತಾವೇ ಹೊತ್ತು ತಿರುಗುವ ಇಂಥ ಜನ ಪ್ರತಿ ಊರಿನಲ್ಲಿ ಒಬ್ಬಿಬ್ಬರು ಇರುತ್ತಾರೆ. ಅವರು ಕಾಯ್ದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಆಗಬಾರದ್ದು ಆಗಿರುವುದೇ ಇಲ್ಲ; ಅವರು ಸುಮ್ಮನೆ ಕೆಡಿಸಿದ ಒಂದು ವರ್ಷ, ತಪ್ಪಿಸಿದ ಒಂದು ಬಸ್ಸು ಮಾತ್ರ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ನಾವು ಅವರನ್ನು ನೋಡಿ ನಗುತ್ತೇವೆ, ಬೈಯುತ್ತೇವೆ, ಕೊನೆಗೆ ಕರುಣೆಯಿಂದ ಬೆನ್ನು ಸವರಿ, ಇಷ್ಟೇಕೆ ಹೆದರುತ್ತೀ, ಹಗುರಾಗು ಎನ್ನುತ್ತೇವೆ. ಅವರು ನಮ್ಮ ಮಾತು ಕೇಳಿ ನಿಜಕ್ಕೂ ಹಗುರಾದ ದಿನ, ಹೆದರಬೇಕಾದವರು ನಾವು.