ಅಧ್ಯಕ್ಷರ ಓಮ್ನಿ

ನನ್ನ ಹೆಂಡತಿ ರುಕಿಯಾ ಪಂಚಾಯತ್ ಅಧ್ಯಕ್ಷೆಯಾದ ದಿನ ಊರಿನ ನಾಲ್ಕು ಜನ ನನ್ನ ದಿನಸಿ ಅಂಗಡಿಗೆ ಬಂದು, ‘ಮಜೀದಾಕ, ಇನ್ನು ನಿಮ್ಮದೇ ಕಾರುಬಾರು’ ಎಂದು ಕೈಕುಲುಕಿದರು. ಮಹಿಳಾ ಮೀಸಲಾತಿ ಎಂದರೆ ಹೆಂಡತಿ ಸಹಿ ಹಾಕುವುದು, ಗಂಡ ಆಡಳಿತ ನಡೆಸುವುದು ಎಂದು ಅವರ ಲೆಕ್ಕ. ಸುಳ್ಳೇಕೆ, ನನ್ನ ಲೆಕ್ಕವೂ ಅದೇ. ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಮೊದಲ ಸಭೆಗೆ ಹೊರಟವನನ್ನು ಅವಳು ಪಂಚಾಯತಿನ ಮೆಟ್ಟಿಲಲ್ಲೇ ನಿಲ್ಲಿಸಿ, ಅಂಗಡಿಯಲ್ಲಿ ಜನ ಕಾಯುತ್ತಿರಬಹುದು ಎಂದಳು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲೇ ಇಲ್ಲ.

ಗಮನಿಸಲು ಪುರುಸೊತ್ತಾದರೂ ಎಲ್ಲಿ? ಸಿದ್ಧಕಟ್ಟೆಯ ಆಚೆ, ಗುಡ್ಡದ ಮೇಲಿನ ನಮ್ಮ ಸರಕಾರಿ ಶಾಲೆಯ ಒಂದನೇ ತರಗತಿಗೆ ಹಿಂದಿನ ವರ್ಷ ಒಂದು ಮಗುವೂ ಸೇರಿರಲಿಲ್ಲ. ಈ ವರ್ಷವೂ ಹಾಗೇ ಆದರೆ ಶಾಲೆ ಮುಚ್ಚುವುದು ಖಚಿತವಾಗಿತ್ತು. ರುಕಿಯಾ ಕಲಿತದ್ದು ಅಲ್ಲೇ. ಓಡಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಮಂಜೂರಾತಿ ತಂದಳು, ಗೋಡೆಗೆ ಬಣ್ಣ ಬಳಿಸಿದಳು. ಮಕ್ಕಳು ಮಾತ್ರ ಮೂಡುಬಿದಿರೆ ಕಡೆಯ ಖಾಸಗಿ ಶಾಲೆಯ ವ್ಯಾನು ಹತ್ತುತ್ತಲೇ ಇದ್ದರು.

ಕೊನೆಗೆ ಮನೆ ಮನೆಗೆ ಹೊರಟಳು. ಎಲ್ಲರೂ ಚಹಾ ಕೊಟ್ಟು, ನೋಡುವ ಎಂದು ಕಳಿಸಿದರು. ಬೀಡಿ ಕಟ್ಟುವ ನೀಲಾವತಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಶಾಲೆ ಒಳ್ಳೆಯದೇ ರುಕಿಯಕ್ಕ. ಆದರೆ ಆ ವ್ಯಾನು ಗೇಟಿಗೆ ಬರ್ತದೆ. ಬೀಡಿ ಬಿಟ್ಟು ದಿನಾ ಮಗಳನ್ನು ಗುಡ್ಡೆ ಹತ್ತಿಸ್ಲಿಕ್ಕೆ ನನಗೆ ಪುರುಸೊತ್ತು ಉಂಟಾ?”

ಮನೆಗೆ ಬಂದವಳು ಅಂಗಳದಲ್ಲಿದ್ದ ನನ್ನ ಓಮ್ನಿಯನ್ನೇ ನೋಡುತ್ತ ನಿಂತಳು. ಅಂಗಡಿಯ ಸಾಮಾನು ತರುವ ಗಾಡಿ ಅದು. ನನಗೆ ಆಗಲೇ ವಾಸನೆ ಬಡಿಯಿತು. ಸೌದಿಯ ದಮ್ಮಾಮಿನಲ್ಲಿ ವರ್ಷಗಟ್ಟಲೆ ಒಬ್ಬರ ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು ಸಾಕಾಗಿ ಬಂದವನು ನಾನು. ಇನ್ನು ಯಾರಿಗೂ ಡ್ರೈವರ್ ಆಗುವವನಲ್ಲ ಎಂದು ಖಂಡಿತವಾಗಿ ಹೇಳಿದೆ.

“ಅಲ್ಲಿದ್ದದ್ದು ಯಾರದ್ದೋ ಮಕ್ಕಳು. ಇವು ನಮ್ಮವು,” ಎಂದಳು. “ಶಾಲೆಯೇ ಹೋದ ಮೇಲೆ ನಾನು ಅಧ್ಯಕ್ಷೆಯಾಗಿ ಏನು ಪ್ರಯೋಜನ, ನೀವೇ ಹೇಳಿ.”

ಬೈಯಲು ನನಗೆ ಚೆನ್ನಾಗಿ ಬರುತ್ತದೆ; ಬೈಯುತ್ತಲೇ ಓಮ್ನಿಯಲ್ಲಿದ್ದ ಸಾಮಾನು ಇಳಿಸತೊಡಗಿದೆ. ಮರುವಾರ ಅವಳೇ ನನ್ನನ್ನು ಬಂಟ್ವಾಳದ ಆರ್‌ಟಿಒ ಕಚೇರಿಗೆ ಎಳೆದುಕೊಂಡು ಹೋಗಿ ಗಾಡಿಯ ಪರವಾನಗಿಗೆ ವ್ಯವಸ್ಥೆ ಮಾಡಿಸಿ, ಇನ್ನು ಗಾಡಿ ಗೇಟಿಗೇ ಬರುತ್ತದೆ ಎಂದು ಮನೆ ಮನೆಗೆ ಹೇಳಿ ಬಂದಳು.

ಶಾಲೆ ತೆರೆದ ದಿನ ನೀಲಾವತಿಯ ಗೇಟಿನೆದುರು ಹಾರ್ನ್ ಹೊಡೆದೆ. ಹಿಂದಿನಿಂದ ಖಾಸಗಿ ಶಾಲೆಯ ಹಳದಿ ವ್ಯಾನೂ ಬಂದು ನಿಂತಿತು. ಜಗಲಿಯಲ್ಲಿ ಕೂತಿದ್ದ ನೀಲಾವತಿ ಎರಡೂ ಗಾಡಿಗಳನ್ನು ನೋಡಿದಳು. ಬೀಡಿ ಎಲೆ, ಹೊಗೆಸೊಪ್ಪು ಹರಡಿದ್ದ ಮಡಿಲಿನ ತಡ್ಪೆಯನ್ನು ಇಳಿಸದೆಯೇ, ಮಗಳು ಅಕ್ಷಿತಾಳಿಗೆ ನನ್ನ ಓಮ್ನಿಯತ್ತ ಕೈ ತೋರಿಸಿದಳು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿ ಗೇಟಿನಲ್ಲೂ ಒಂದೊಂದು ಮಗು. ಎರಡನೇ ಟ್ರಿಪ್ಪೂ ಹೊಡೆಯಬೇಕಾಯಿತು.

ಶಾಲೆಯ ಜಗಲಿಯಲ್ಲಿ ರುಕಿಯಾ ನಿಂತಿದ್ದಳು. ಒಂದನೇ ತರಗತಿಯ ಒಳಗಿನಿಂದ ಅಳು, ಕಿರುಚಾಟ, ಟೀಚರ್ ಮೇಜು ತಟ್ಟುವ ಸದ್ದು. ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಇಂಥವಳ ಗಂಡ ನಾನು ಎಂದು ಹೆಮ್ಮೆಯಾಯಿತು. ನನ್ನನ್ನು ಕಂಡದ್ದೇ ಅವಳು ದನಿ ಗಟ್ಟಿ ಮಾಡಿಕೊಂಡು, ಸಂಜೆ ತಡ ಮಾಡಬಾರದು, ಮಕ್ಕಳು ಕಾಯುತ್ತಾರೆ ಎಂದಳು.

“ಆಯ್ತು ಅಧ್ಯಕ್ಷರೇ,” ಎಂದೆ.

ಹಾಗೆ ಕರೆದದ್ದು ಅದೇ ಮೊದಲು. ಬಾಯಿಗೇನೂ ಭಾರವಾಗಲಿಲ್ಲ.