ಸತ್ತವಳು ಟೀ ಕಾಸಿದ ಪುಟ

ಇಪ್ಪತ್ತೆರಡು ಪತ್ತೇದಾರಿ ಪುಸ್ತಕ. ಒಬ್ಬನೇ ಇನ್ಸ್‌ಪೆಕ್ಟರು, ವರ್ಷಕ್ಕೊಂದು ಕೊಲೆ. ಅಷ್ಟೂ ಪುಸ್ತಕಗಳ ಪ್ರೂಫ್ ತಿದ್ದಿದವಳು ಒಬ್ಬಳೇ, ಪ್ರೆಸ್ಸಿನವರು ‘ಕೆಂಪುಪೆನ್ನಕ್ಕ’ ಎಂದು ಕರೆಯುವ ಈ ಪುಣ್ಯಾತ್ಗಿತ್ತಿ. ಓದುಗರ ಸಭೆಯಲ್ಲಿ ಅವಳಿಗೆ ಸಿಕ್ಕಿದ್ದು ಮಾತ್ರ ಲೈಬ್ರರಿಯ ಕಟ್ಟಕಡೆಯ ಸಾಲಿನ ಕುಂಟು ಕುರ್ಚಿ. ಪಕ್ಕದಲ್ಲಿ ನಾದಿನಿ. ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದಳು. ಅವಳಿಗೆ ಕಟ್ಟಿಕೊಂಡ ಗಂಡನಿಗಿಂತ ಇನ್ಸ್‌ಪೆಕ್ಟರನ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ.

ಸಭೆ ಶುರುವಾದದ್ದೇ ತಡ, ಜಟಾಪಟಿ. “ಮೊದಲ ಹತ್ತು ಚಿನ್ನ. ಆಮೇಲಿನವು ಬರೀ ನೀರು,” ಎಂದರು ನಿವೃತ್ತ ಪೋಸ್ಟ್‌ಮಾಸ್ಟರು.

“ಏನ್ ಚಿನ್ನ, ಮಣ್ಣು!” ನಾದಿನಿ ಎದ್ದೇ ನಿಂತಳು. “ಆ ಹತ್ತರಲ್ಲೂ ಹೆಂಗಸ್ರು ಬರೋದೇ ಹೆಣ ಆಗೋಕೆ. ಈಗೀಗ ಇನ್ಸ್‌ಪೆಕ್ಟರಿಗೆ ಒಂಚೂರು ಕರುಳು ಅಂತ ಬಂದಿದೆ.”

“ಕೊಂದವನು ಯಾರಾದ್ರೆ ನನಗೇನ್ರೀ? ನಾನು ಓದೋದು ಇನ್ಸ್‌ಪೆಕ್ಟರೂ ಅವನ ಹೆಂಡ್ತೀನೂ ಆಡೋ ಜಗಳಕ್ಕೆ,” ಎಂದ ಒಬ್ಬ ಟೈಲರು.

ಆಗ ಶಾಲೆ ಮೇಷ್ಟ್ರೊಬ್ಬರು ಹೊಸ ಪುಸ್ತಕವನ್ನು ಬಿಡಿಸಿ ಹಿಡಿದರು. “ಇನ್ಸ್‌ಪೆಕ್ಟರ ಜೊತೆಗಿರೋ ಪೇದೆಯ ತಾಯಿ ಎಂಟನೇ ಪುಸ್ತಕದಲ್ಲೇ ಸತ್ತಳು. ಇಲ್ಲಿ ತೊಂಬತ್ತನೇ ಪುಟದಲ್ಲಿ ಟೀ ಕಾಸ್ತಾ ನಿಂತಿದ್ದಾಳೆ! ದುಡ್ಡು ಕೊಟ್ಟು ಓದೋರನ್ನ ಏನಂದ್ಕೊಂಡಿದೀರಿ?”

ಹೊಗಳಿದವರು, ತೆಗಳಿದವರು ಎಲ್ಲ ಒಂದಾಗಿ ಕೂಗಿದರು. ವೇದಿಕೆಯ ಮೇಲಿದ್ದ ಪ್ರಕಾಶಕ ಮೈಕು ಎಳೆದುಕೊಂಡು ಹಲ್ಲುಕಿರಿದ. “ಕ್ಷಮಿಸಿ. ಪ್ರೂಫ್ ನೋಡೋರ ಕಣ್ತಪ್ಪು. ಪಾಪ, ವಯಸ್ಸಾಯ್ತು ಅವರಿಗೆ. ಮುಂದಿನದಕ್ಕೆ ಬೇರೆಯವರನ್ನ ನೋಡ್ತಿದೀವಿ.”

ಕಣ್ತಪ್ಪಂತೆ! ಕೆಂಪುಪೆನ್ನಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಆ ಕಥೆಗಳಲ್ಲಿ ಯಾರ ಕೆನ್ನೆಯ ಮೇಲೆ ಮಚ್ಚೆ, ಯಾರ ಯಾವ ಹಲ್ಲು ಬಿದ್ದಿದೆ, ಯಾರು ಯಾವ ಪುಸ್ತಕದಲ್ಲಿ ಸತ್ತರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ಅವಳು. ಕಥೆ ಬರೆದ ಮಹಾನುಭಾವನಿಗೇ ಅದು ನೆನಪಿರುತ್ತಿರಲಿಲ್ಲ. ಇಪ್ಪತ್ತೆರಡು ಪುಸ್ತಕಕ್ಕೆ ಅವಳಿಗೆ ಸಿಕ್ಕ ಮರ್ಯಾದೆ ಇದು. ಕೆಲಸ ಹೋದರೆ ಹೋಗಲಿ, ಈ ಮಸಿ ಬಳಿಸಿಕೊಂಡು ಮನೆಗೆ ಹೋಗುವುದಿಲ್ಲ ಎಂದು ಎದ್ದಳು.

“ರೀ ಸ್ವಾಮಿ, ಆ ಕಣ್ತಪ್ಪಿನವಳು ನಾನೇ. ತೊಂಬತ್ತನೇ ಪುಟದ ಪಕ್ಕ ‘ಈಕೆ ಸತ್ತಿದ್ದಾಳೆ’ ಅಂತ ಬರೆದು ಎರಡು ಸಲ ಗೆರೆ ಎಳೆದಿದ್ದೆ. ‘ಅಷ್ಟು ಹಳೇದು ಯಾರಿಗೆ ನೆನಪಿರುತ್ತೆ, ಬಿಡಿ ಅಕ್ಕಾ’ ಅಂದೋರು ಯಾರು? ನೀವೇ ಅಲ್ವಾ?”

ಚಪ್ಪಾಳೆ ಬಿತ್ತು. ಪೋಸ್ಟ್‌ಮಾಸ್ಟರು, ಟೈಲರು ಇಬ್ಬರೂ ತಿರುಗಿ ನೋಡಿ ತಲೆಯಾಡಿಸಿದರು. ಪ್ರಕಾಶಕನ ಮುಖ ಕಪ್ಪಿಟ್ಟಿತು, ಆದರೆ ಅವನೇನು ಸಾಮಾನ್ಯದವನಲ್ಲ. “ಹೌದಮ್ಮ, ಅಂದಿರಬಹುದು. ನಿಮ್ಮ ಸಹಿ ಇಲ್ಲದೆ ನಮ್ಮ ಪ್ರೆಸ್ಸಲ್ಲಿ ಒಂದು ಹಾಳೆನೂ ಅಚ್ಚಾಗಲ್ಲ. ಆ ಪುಟಕ್ಕೆ ಸಹಿ ಹಾಕಿದೋರು ಯಾರು?”

ಚಪ್ಪಾಳೆ ನಿಂತಿತು.

ನಾದಿನಿ ಅವಳ ಸೆರಗು ಹಿಡಿದು ಜಗ್ಗಿದಳು. “ಅತ್ತಿಗೆ, ಆ ಮುದುಕಿ ಸತ್ತಾಗ ನಾನು ಎರಡು ದಿನ ಅತ್ತಿದ್ದೆ. ನಿಮ್ಮೆದುರೇ ಅತ್ತಿದ್ದೆ. ಗೊತ್ತಿದ್ದೂ ಸಹಿ ಹಾಕಿದ್ರಾ?”

“ಕೆಲಸದಿಂದ ತೆಗೀತಾರೆ ಅಂತ ಹೆದರಿಕೊಂಡು ಹಾಕಿದೆ ಕಣೇ.”

ನಾದಿನಿ ಸೆರಗು ಬಿಟ್ಟಳು. ಮಡಿಲಲ್ಲಿದ್ದ ಹೊಸ ಪುಸ್ತಕವನ್ನು ಅತ್ತಿಗೆಯ ಕುರ್ಚಿಯ ಮೇಲಿಟ್ಟು, ಒಬ್ಬಳೇ ಬಾಗಿಲ ಕಡೆ ನಡೆದಳು.